ಮೂರನೇ ಮನೆಯ ನೀರಡಿಕೆ

ಗಿಡಕ್ಕೆ ನೀರಡಿಸಿದರೆ ಅದು ಸದ್ದು ಮಾಡುತ್ತದೆ ಎಂಬುದು ಈಗ ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಕಾಂಡದೊಳಗೆ ಬೇರಿನಿಂದ ಎಲೆಯವರೆಗೆ ನೀರಿನ ಸಣ್ಣ ಎಳೆಗಳಿರುತ್ತವೆ. ಎಲೆ ಮೇಲಿನಿಂದ ಎಳೆಯುತ್ತದೆ, ಕೆಳಗಿನಿಂದ ನೀರು ಬರುವುದಿಲ್ಲ, ಎಳೆ ನಡುವೆ ಕಡಿದು ಅಲ್ಲೊಂದು ಗುಳ್ಳೆ ಹುಟ್ಟುತ್ತದೆ. ಆಗ ಟಕ್ ಎಂದು ಸದ್ದು. ಅದು ಮನುಷ್ಯರ ಕಿವಿಗೆ ನಿಲುಕುವಂಥದ್ದಲ್ಲ. ಅದನ್ನು ಹಿಡಿಯುವ ಕ್ಲಿಪ್ಪೊಂದನ್ನು ಕಾಂಡಕ್ಕೆ ಸಿಕ್ಕಿಸಿ, ನಮಗೆ ಕೇಳುವಂತೆ ಮಾಡಿ, ಸ್ಪೀಕರಿಗೆ ಬಿಟ್ಟವರು ಯಾರೋ ಪುಣ್ಯಾತ್ಮರು. ಅವರು ಒಂದು ದಿನವಾದರೂ ಕಂಟ್ರೋಲ್ ರೂಮಿನಲ್ಲಿ ಕೂತು ಅದನ್ನು ಕೇಳಿದ್ದಾರೋ ಇಲ್ಲವೋ, ನನಗೆ ಅನುಮಾನ.

ನಾನು ಕೇಳಿದ್ದೇನೆ. ಅದೇ ನನ್ನ ಕೆಲಸವಾಗಿತ್ತು. ರಾಣೆಬೆನ್ನೂರಿನ ಹೊರಗೆ, ಬೀಜದ ಕಂಪನಿಗಳು ಬಲೆ ಹೊದಿಸಿ ಕಟ್ಟಿದ ನೆಟ್ ಹೌಸುಗಳ ಸಾಲು ಮುಗಿದ ಮೇಲೆ ಮೂರು ದೊಡ್ಡ ಗಾಜಿನ ಮನೆಗಳು ಕಾಣುತ್ತವೆ. ಅಲ್ಲಿ ಬೆಳೆಯುವುದು ಗಾಂಜಾ. ಹೌದು, ಅದೇ. ಹೆಸರು ಹೇಳಿದ ಕೂಡಲೇ ಬಸ್ಸಿನಲ್ಲಿ ಪಕ್ಕದವರು ಒಂದು ಗೇಣು ಆಚೆ ಸರಿಯುತ್ತಾರೆ. ಮುಂದಿನ ಸ್ಟಾಪಿಗೆ ಬರುವಷ್ಟರಲ್ಲಿ ಎರಡು ಗೇಣು ಈಚೆ ಸರಿದು, 'ಅಲ್ರೀ, ಸ್ವಲ್ಪ ಏನರ ಹೊರಗ ಸಿಗ್ತೈತೇನು?' ಎನ್ನುತ್ತಾರೆ. ಸಿಗುವುದಿಲ್ಲ. ಔಷಧಕ್ಕಾಗಿ ಮಾತ್ರ, ಕಾವಲಿನಲ್ಲಿ ಮಾತ್ರ ಬೆಳೆಯಬಹುದು ಎಂಬ ಕಾನೂನು ಬಂದು ಕೆಲವು ವರ್ಷವಾಯಿತು. ಒಂದು ಮತ್ತು ಎರಡನೇ ಮನೆಯಲ್ಲಿ ದೊಡ್ಡವರ ನೋವಿಗೆ ಬೇಕಾದ ತಳಿಗಳಿವೆ. ಮೂರನೇ ಮನೆಯ ತಳಿಯಲ್ಲಿ ಮತ್ತೇರಿಸುವ ಗುಣ ಇಲ್ಲವೆನ್ನುವಷ್ಟು ಕಡಿಮೆ. ಅದರ ಹೂವಿನ ಎಣ್ಣೆ ಯಾವ ಗುಳಿಗೆಗೂ ಬಗ್ಗದ ಮೂರ್ಛೆರೋಗವಿರುವ ಮಕ್ಕಳಿಗೆ.

ಆ ಮಕ್ಕಳಲ್ಲಿ ನನ್ನ ಮಗಳು ಪಾರಿಜಾತ ಒಬ್ಬಳು. ಎಣ್ಣೆ ಬರುವ ಮೊದಲು ಅವಳಿಗೆ ದಿನಕ್ಕೆ ಎಷ್ಟು ಸಲ ಫಿಟ್ಸ್ ಬರುತ್ತಿತ್ತೆಂದು ಹೇಳಲು ನನ್ನಿಂದ ಆಗುವುದಿಲ್ಲ. ಎಣ್ಣೆ ಬಂದ ಮೇಲೆ ಅವಳು ಅಕ್ಷರ ಕಲಿತಳು, ಹಾಡು ಕಲಿತಳು, ಅಜ್ಜಿಗೆ ಎದುರು ಮಾತಾಡುವುದನ್ನೂ ಕಲಿತಳು. ಆದ್ದರಿಂದ ಮೂರನೇ ಮನೆಯ ಟಕ್ ಟಕ್ ಒಂದೇ ಸಮನೆ ಏರತೊಡಗಿದಾಗ ನಾನು ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಗಿಡಗಳಿರುವುದು ಬಟ್ಟೆಯ ಕುಂಡಗಳಲ್ಲಿ. ಕಂಬಳಿಯಷ್ಟು ದಪ್ಪನೆಯ ಕಪ್ಪು ಬಟ್ಟೆ, ಎರಡು ಕಡೆ ಹಿಡಿಕೆ, ಒಳಗೆ ಕೋಕೋಪೀಟು, ಅಂದರೆ ತೆಂಗಿನ ನಾರಿನ ಪುಡಿ. ಬಟ್ಟೆಯೇ ಯಾಕೆಂದರೆ, ಸುತ್ತಲಿಂದಲೂ ಗಾಳಿಯಾಡುತ್ತದೆ. ಬೇರು ಅಂಚಿಗೆ ಬಂದು ಗಾಳಿ ತಾಗಿದೊಡನೆ ಅಲ್ಲಿಗೇ ನಿಂತು, ಹಿಂದೆ ಕವಲೊಡೆಯುತ್ತದೆ. ನೀರು ಸ್ವಲ್ಪ ಹೆಚ್ಚಾದರೂ ಪಕ್ಕದಿಂದ ಆರಿಹೋಗುತ್ತದೆ. ಹಿಂದಿನ ಬೆಳೆಯಲ್ಲಿ ನಾವು ಕೈಯಿಂದಲೇ ನೀರು ಹಾಕುತ್ತಿದ್ದೆವು. ಹಿಡಿಕೆ ಹಿಡಿದು ಕುಂಡವನ್ನು ತುಸು ಎತ್ತುವುದು. ಹಗುರವಿದ್ದರೆ ನೀರು ಹಾಕುವುದು, ಭಾರವಿದ್ದರೆ ಮುಂದಿನದಕ್ಕೆ ಹೋಗುವುದು. ಅಷ್ಟೇ ವಿದ್ಯೆ.

ಈ ಬೆಳೆಗೆ ಮೂರು ಹೊಸ ಸಂಗತಿಗಳು ಒಟ್ಟಿಗೇ ಬಂದವು. ಒಂದು, ನಾವೆಲ್ಲ 'ಕಿವಿ' ಎಂದು ಕರೆಯುವ ಆ ಕ್ಲಿಪ್ಪು. ಕಿವಿಗೆ ಟಕ್ ಎಂದು ಕೇಳಿದರೆ ಯಂತ್ರ ತಾನಾಗಿಯೇ ಆ ಕುಂಡಕ್ಕೆ ನೀರು ಬಿಡುತ್ತದೆ. ಇನ್ನೊಂದು, ಪ್ರತಿ ಕುಂಡದ ಕೆಳಗೊಂದು ತಕ್ಕಡಿ. ಇದು ಔಷಧ ಸಸ್ಯ ಕಾವಲು ದಳದವರದು. ತೂಕ ಗೆರೆಗಿಂತ ಕೆಳಗಿಳಿದರೆ ಯಾರೋ ಹೂವು ಕಿತ್ತಿದ್ದಾರೆ ಎಂದು ಅರ್ಥ. ಗಿಡ ಕುಡಿದ ನೀರಿಗೂ ತೂಕವಿತ್ತು, ಆರಿಹೋದ ನೀರಿಗೂ ತೂಕವಿತ್ತು ಎಂದು ಆ ತಕ್ಕಡಿಗೆ ಯಾರೂ ಹೇಳಿರಲಿಲ್ಲ. ಒಮ್ಮೆ ಗಂಟೆ ಬಾರಿಸಿತೆಂದರೆ ಷಟರ್ ಇಳಿದು, ಒಳಗಿದ್ದವರ ಜೇಬು, ಚಪ್ಪಲಿ, ಜಡೆಯ ಗಂಟು ಎಲ್ಲವನ್ನೂ ತಡಕಬೇಕು. ನಾಲ್ಕೈದು ಸಲ ಹೀಗೆ ಜಡೆ ಬಿಚ್ಚಿಸಿಕೊಂಡ ಮೇಲೆ ಎಲ್ಲರಿಗೂ ಸಾಕಾಯಿತು. ತೂಕ ಗೆರೆಯ ಹತ್ತಿರವೂ ಇಳಿಯದಂತೆ ಯಂತ್ರದಲ್ಲಿ ನೀರು ಏರಿಸಿಟ್ಟರು. ಗಂಟೆ ಸುಮ್ಮನಾಯಿತು.

ಮೂರನೆಯದು ಪ್ಲಾಸ್ಟಿಕ್. ಬೇರೆ ಯಾವುದೋ ಊರಲ್ಲಿ ಯಾರೋ ಕುಂಡದ ಬಟ್ಟೆ ಸೀಳಿ, ಒಳಗೆ ಹೂವು ತುರುಕಿ ಸಾಗಿಸಿದರಂತೆ. ಅದಕ್ಕೆ ಇಲ್ಲಿನ ಕುಂಡಗಳಿಗೆಲ್ಲ ಬುಡದಿಂದ ಕುತ್ತಿಗೆಯವರೆಗೆ ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ದಳದ ಸೀಲು ಒತ್ತಿದರು. ಗಾಳಿಯಾಡಲೆಂದು ದುಡ್ಡು ಕೊಟ್ಟು ಬಟ್ಟೆಯ ಕುಂಡ ತರಿಸುವುದು, ಆಮೇಲೆ ಅದಕ್ಕೆ ಪ್ಲಾಸ್ಟಿಕ್ ಸುತ್ತುವುದು. ಯಾರಿಗೂ ವಿಚಿತ್ರ ಎನ್ನಿಸಲಿಲ್ಲ. ಹೊಸ ಕಾರಿನ ಸೀಟಿನ ಕವರು ಹರಿದು ಚಿಂದಿಯಾಗುವವರೆಗೂ ತೆಗೆಯದ ಜನ ನಾವು. ಟಿವಿಯ ರಿಮೋಟು ಹುಟ್ಟಿದ ದಿನದ ಲಕೋಟೆಯಲ್ಲೇ ಸಾಯುತ್ತದೆ. ನನಗೂ ವಿಚಿತ್ರ ಎನ್ನಿಸಲಿಲ್ಲ, ನನಗೇನು ಕೋಡಿರಲಿಲ್ಲ.

ಎಲೆಗಳು ಜೋತುಬಿದ್ದವು. ಕಿವಿಗಳು ಟಕ್ ಎಂದವು. ಯಂತ್ರ ನೀರು ಕೊಟ್ಟಿತು. ಮರುದಿನ ಎಲೆಗಳು ಇನ್ನಷ್ಟು ಜೋತುಬಿದ್ದವು, ಟಕ್ ಟಕ್ ಇನ್ನಷ್ಟು ಹೆಚ್ಚಾಯಿತು, ಯಂತ್ರ ಇನ್ನಷ್ಟು ನೀರು ಕೊಟ್ಟಿತು. ಬೀಜದ ಊರಿನವರಾದ್ದರಿಂದ ಎಲ್ಲರೂ ಸೇರಿ ಬೀಜವನ್ನು ಬೈದರು.

"ನೀರು ಕೊಟ್ಟಷ್ಟೂ ನೀರಡಿಕಿ ಜಾಸ್ತಿ ಆಗಾಕತ್ತೈತಲ್ರಿ ಮೇಡಂ," ಎಂದೆ ನಾನು. ಇಟಗಿ ಮೇಡಂ ನಮ್ಮ ಕೇಂದ್ರದ ಸಸ್ಯವಿಜ್ಞಾನಿ. ಮೆದು ಮಾತಿನವರು, ಕಾಗದಪತ್ರ ಕಂಡರೆ ಬೆವರುವವರು.

"ಕಿವಿ ಸುಳ್ಳು ಹೇಳೂದಿಲ್ಲ, ನೀಲಾ. ಕಾಂಡದಾಗ ನೀರಿನ ಎಳಿ ಕಡ್ಯಾಕತ್ತಾವ. ಅದಂತೂ ಖರೇನ."

"ಮತ್ತ ಕೊಟ್ಟ ನೀರು ಎಲ್ಲಿ ಹೊಂಟೈತ್ರಿ?"

ಅವರು ಪರದೆಯನ್ನು ನೋಡಿದರು. ತೂಕ ಗೆರೆಗಿಂತ ಮೇಲೆ, ಗಂಟೆ ಮೌನ, ಎಲ್ಲ ಹಸಿರು ದೀಪ. ಸ್ಪೀಕರಿನಲ್ಲಿ ಮಾತ್ರ ಬಾಣಲೆಗೆ ಸಾಸಿವೆ ಬಿದ್ದಂತೆ ಸದ್ದು. ನಾನು ಎದ್ದು ಸ್ಪೀಕರ್ ಆರಿಸಿದೆ, ಮತ್ತೆ ಹಾಕಿದೆ, ಮತ್ತೆ ಆರಿಸಿದೆ.

ಮನೆಗೆ ಹೋದರೆ ಅಲ್ಲೂ ಒಂದು ಸದ್ದಿನ ಕಾವಲು. ಪಾರಿಯ ಮಣಿಕಟ್ಟಿಗೆ ಒಂದು ಪಟ್ಟಿಯಿದೆ. ಫಿಟ್ಸ್ ಬರುವ ಲಕ್ಷಣ ಕಂಡರೆ ಕೀ ಎನ್ನುತ್ತದೆ. ಓಡಿ ಬಂದರೂ ಕೀ ಎನ್ನುತ್ತದೆ, ಹೆಚ್ಚು ನಕ್ಕರೂ ಕೀ ಎನ್ನುತ್ತದೆ. ಪ್ರತಿ ಸಲವೂ ನಾನು ಕೈಯಲ್ಲಿದ್ದುದನ್ನು ಎಸೆದು ಓಡುತ್ತೇನೆ. ಅದಕ್ಕೇ ಅವಳನ್ನು ಓಡಲು ಬಿಡುತ್ತಿರಲಿಲ್ಲ, ಹೊರಗೆ ಬಿಡುತ್ತಿರಲಿಲ್ಲ, ಬಿಸಿಲಿಗೆ ಬಿಡುತ್ತಿರಲಿಲ್ಲ. ಅವಳು ಹಗಲೆಲ್ಲ ನಡುಮನೆಯ ಸೋಫಾದ ಮೇಲೆ ಕೂತಿರಬೇಕು. ಗಂಡ ಬಸ್ಸಿನ ಕಂಡಕ್ಟರು, ಮಂಗಳೂರಿನ ರೂಟು. ಒಂದು ದಿನ ಬಿಟ್ಟು ಒಂದು ದಿನ ಮನೆಯಲ್ಲಿರುತ್ತಾರೆ. ಉಳಿದಂತೆ ನಾನು, ಪಾರಿ, ಅತ್ತೆ ಬಸಲಿಂಗವ್ವ.

ಒಂದು ಮಧ್ಯಾಹ್ನ ನಾನು ಎಣ್ಣೆಯ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಎಣ್ಣೆ ತಳ ಕಂಡಿತ್ತು. ಔಷಧದಂಗಡಿಯವನು, ಇನ್ನು ಬರುವುದೆಲ್ಲ ಮೂರನೇ ಮನೆಯ ಹೊಸ ಬೆಳೆಯಿಂದಲೇ ಬರಬೇಕು ಎಂದಿದ್ದ. ನನಗೆ ಗೊತ್ತಿಲ್ಲದ ಸುದ್ದಿಯೇನಲ್ಲ.

"ಅವ್ವಾ, ನನ್ನ ಕಾಲಿಗೆ ಉಸಿರಾಡಾಕ ಆಗವಲ್ದು," ಎಂದಳು ಪಾರಿ ಸೋಫಾದಿಂದ.

"ಕಾಲು ಎಲ್ಲೆರ ಉಸಿರಾಡ್ತಾವೇನ?"

"ನೀನ ಬಂದು ಕುಂದ್ರು, ಗೊತ್ತಾಗ್ತೈತಿ."

ಅವಳು ಎದ್ದಾಗ ತೊಡೆಯ ಹಿಂಭಾಗ ಪ್ಲಾಸ್ಟಿಕ್ಕಿಗೆ ಅಂಟಿ ಚರ್ರೆಂದು ಬಿಟ್ಟುಬಂತು. ಮಂಡಿಯ ಹಿಂದೆ ಬೆವರುಗುಳ್ಳೆಗಳು ಕೆಂಪಗೆ ಎದ್ದಿದ್ದವು. ಸೋಫಾ ತಂದು ವರ್ಷಗಳೇ ಆಗಿದ್ದರೂ ಅಂಗಡಿಯವರು ಹೊದಿಸಿ ಕೊಟ್ಟ ಪ್ಲಾಸ್ಟಿಕ್ ಹಾಗೇ ಇತ್ತು. ತೆಗೆದರೆ ಹೊಲಸಾಗುತ್ತದೆ ಎಂಬುದು ಅತ್ತೆಯ ಕಾನೂನು. ನನಗೆ ಅಂದು ಏನಾಯಿತೋ, ಒಂದು ತುದಿ ಹಿಡಿದು ಜೋರಾಗಿ ಎಳೆದೆ.

ಮೂಗಿಗೆ ಮುಗ್ಗಲು ವಾಸನೆ ಬಡಿಯಿತು. ಹೊರಗಿನಿಂದ ಲಕಲಕ ಹೊಳೆಯುತ್ತಿದ್ದ ಸೋಫಾದ ಬಟ್ಟೆ ಒಳಗೆ ತೇವದಿಂದ ಕಪ್ಪಾಗಿತ್ತು. ಎಂದೋ ಚೆಲ್ಲಿದ ನೀರು, ಎಂದೋ ಒರೆಸಿದ ಒದ್ದೆ ಅರಿವೆ, ಪಾರಿಯ ಬೆವರು ಎಲ್ಲವೂ ಒಳಗಿಳಿದು ಆರಲು ದಾರಿ ಕಾಣದೆ ಅಲ್ಲೇ ಕೂತಿದ್ದವು.

"ಅಯ್ಯ ಇಕಿಗೇನಾತಽ! ಹೊಸಾ ಸೋಫಾ!" ಎಂದು ಅತ್ತೆ ಅಡುಗೆಮನೆಯಿಂದ ಓಡಿ ಬಂದರು.

"ಅತ್ತೀ, ಇದು ಕೊಳತೈತ್ರಿ."

"ಮ್ಯಾಲೆ ಛಲೋನ ಇತ್ತಲ್ಲ!"

ಮೇಲೆ ಚೆನ್ನಾಗಿಯೇ ಇತ್ತು. ನಾನು ಹರಿದ ಪ್ಲಾಸ್ಟಿಕ್ ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ನಂತರ ಚಪ್ಪಲಿ ಮೆಟ್ಟಿಕೊಂಡು, ಮುಖ ಕೂಡ ತೊಳೆಯದೆ ಕೇಂದ್ರಕ್ಕೆ ಹೊರಟೆ.

ಇಟಗಿ ಮೇಡಂಗೆ ಒಂದೇ ಮಾತು ಸಾಕಾಯಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಕೈಯಿಂದ ಮುಖ ಉಜ್ಜಿಕೊಂಡರು.

"ಬೇರು ನೀರು ಎಳೀಬೇಕಂದ್ರ ಅದಕ್ಕ ಗಾಳಿ ಬೇಕು. ಇಲ್ಲಿ ಆರಾಕ ಜಾಗಾನ ಇಲ್ಲ, ಮ್ಯಾಲೆ ನಾವು ಸುರೀತಾನ ಇದ್ದೀವಿ. ಬೇರು ಸಾಯಾಕತ್ತಾವ. ಸತ್ತ ಬೇರು ನೀರಾಗ ಮುಳುಗಿದ್ರೂ ಎಲಿಗೆ ನೀರು ಮುಟ್ಟೂದಿಲ್ಲ. ಕಿವಿ ಕೇಳಾಕತ್ತಿದ್ದು ಖರೇ ನೀರಡಿಕಿನ, ನೀಲಾ. ನಾವು ಕೊಡಾಕತ್ತಿದ್ದ ಔಷಧನ ತಪ್ಪು."

"ಹಂಗಾದ್ರ ಪ್ಲಾಸ್ಟಿಕ್ ಬಿಚ್ಚೂಣ್ರಿ. ನೀರು ನಿಲ್ಲಸೂಣ್ರಿ."

"ನಿಲ್ಲಿಸಿದ್ರ ತೂಕ ಇಳೀತೈತಿ. ಸೀಲ್ ಬಿಚ್ಚಿದ್ರ ಅಪರಾಧ." ಅವರ ದನಿ ಇನ್ನೂ ಸಣ್ಣದಾಯಿತು. "ನಾ ಈಗನ ಮ್ಯಾಲಿನವರಿಗೆ ಹೇಳ್ತೀನಿ."

ಹೇಳಿದರು. ಸಮಿತಿ ಮುಂದಿನ ತಿಂಗಳು ಸೇರುತ್ತದೆ, ಆಗ ವಿಷಯ ಮಂಡಿಸಬಹುದು ಎಂದು ಮೇಲಿನಿಂದ ಉತ್ತರ ಬಂತು. ಬೇರುಗಳಿಗೂ ಒಂದು ಪ್ರತಿ ಕಳಿಸಿದ್ದರೆ ಅವೂ ಮುಂದಿನ ತಿಂಗಳವರೆಗೆ ತಡೆದುಕೊಳ್ಳುತ್ತಿದ್ದವೇನೋ!

ಕಾವಲು ದಳದ ಇನ್‌ಸ್ಪೆಕ್ಟರ್ ಮಕಾನದಾರ ಸಾಹೇಬರು ಕೇಂದ್ರದಲ್ಲೇ ಕೂರುವವರು. ಎತ್ತರದ ಆಸಾಮಿ, ನಿಯಮದ ಪುಸ್ತಕ ಬಾಯಿಪಾಠ. ಮೂರನೇ ಮನೆಯ ಬೀಗದ ಕೈ ಅವರ ಸೊಂಟದಲ್ಲಿ. ನಾನು ಅವರ ಕೋಣೆಗೆ ಹೋದಾಗ ಚಹಾ ಕುಡಿಯುತ್ತಿದ್ದರು. ನನಗೂ ಒಂದು ಕಪ್ಪು ಬಂತು. ಸೋಫಾದಿಂದ ಹಿಡಿದು ಬೇರಿನವರೆಗೆ ಎಲ್ಲ ಹೇಳಿದೆ. ಪಾರಿಯ ಬಾಟಲಿಯ ವಿಷಯವನ್ನೂ ಹೇಳಿದೆ. ಹೇಳುವಾಗ ಅಳು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು.

"ನೀವು ಹೇಳೂದು ತಿಳೀತೈತಿ ನೀಲಾಂಬಿಕಾ ಅವ್ರ," ಎಂದರು. "ಆದ್ರ ಸೀಲ್ ಬಿಚ್ಚಾಕ ನನಗ ಅಧಿಕಾರ ಇಲ್ಲ. ಒಂದ ಒಂದು ಕಲಮು ಐತಿ. ಮನ್ಯಾಗ ಕಳವು ಆಗಿದ್ರ, ಆ ಮನಿಯ ಎಲ್ಲಾ ಕುಂಡದ ಸೀಲ್ ಬಿಚ್ಚಿ ನೋಡಬೇಕು. ತನಿಖೆ ಮುಗಿಯೂತನಕ ನೀರಿನ ಲೈನು ಬಂದ್. ತಕ್ಕಡಿ ಬಂದ್. ನನ್ನ ಬಿಟ್ಟು ಯಾರೂ ಒಳಗ ಹೋಗೂಹಂಗಿಲ್ಲ."

"ಎಲ್ಲಾ ಕುಂಡದ್ದೂ?"

"ಎಲ್ಲಾ ಕುಂಡದ್ದೂ."

"ಕದ್ದವ್ರಿಗೆ?"

"ಕೇಸ್. ನೌಕರಿಯಂತೂ ಹೋತು ಅಂತ ತಿಳ್ಕೋರಿ." ಅವರು ಚಹಾದ ಕಪ್ಪಿನಿಂದ ಕಣ್ಣೆತ್ತಲಿಲ್ಲ. "ಚಾ ಆರಾಕತ್ತೈತಿ, ಕುಡೀರಿ."

ಅವರು ಅದನ್ನು ಯಾಕೆ ಅಷ್ಟು ಬಿಡಿಸಿ ಹೇಳಿದರು ಎಂದು ನಾನು ಇವತ್ತಿಗೂ ಕೇಳಿಲ್ಲ. ಕೇಳಿದರೆ ಇಲ್ಲ ಎನ್ನುತ್ತಾರೆ, ಆಮೇಲೆ ಇಬ್ಬರಿಗೂ ಮುಜುಗರ.

ಅಂದು ಸಂಜೆ ಪಾರಿಗೆ ಎಣ್ಣೆಯನ್ನು ಹನಿ ಎಣಿಸಿ ಹಾಕಿದೆ. ಗಂಡ ಮನೆಯಲ್ಲಿದ್ದರು. ಸಂಗತಿ ಹೇಳಿದೆ. ಅವರು ಟಿಕೆಟ್ ಯಂತ್ರವನ್ನು ಅರಿವೆಯಿಂದ ಒರೆಸತೊಡಗಿದರು.

"ಹಿಡಕೊಂಡು ಹೋಗ್ತಾರ," ಎಂದರು.

"ಹೌದು."

"ಊರಾಗ ಗಾಂಜಾ ಕಳ್ಳಿ ಅಂತಾರ."

"ಈಗೇನು ಕಮ್ಮಿ ಅಂತಾರ?"

ಅತ್ತೆ ಸೋಫಾದ ಪಕ್ಕ ನೆಲದ ಮೇಲೆ ಕೂತು, ಒಣಗಲು ಹಾಕಿದ್ದ ಮೆತ್ತೆಗಳನ್ನು ತಿರುವಿಹಾಕುತ್ತಿದ್ದರು. ಇನ್ನೂ ನನ್ನ ಮೇಲೆ ಸಿಟ್ಟಿತ್ತು. ಆದರೂ ತಲೆ ಎತ್ತದೆ, "ನಾ ಅದೀನಿ ಹುಡಿಗಿನ್ನ ನೋಡ್ಕೊಳ್ಳಾಕ. ನೀ ಹೋಗಿ ಏನ್ ಮಾಡ್ಬೇಕೋ ಮಾಡಿ ಬಾ," ಎಂದರು. ಆ ಮಾತಿಗೆ ನಾನು ಆ ಮುದುಕಿಯ ಕಾಲು ಹಿಡಿಯಬೇಕಿತ್ತು. ಹಿಡಿಯಲಿಲ್ಲ, ಅನ್ನಕ್ಕಿಡಲು ಎದ್ದೆ.

ಮರುದಿನ ಬೆಳಿಗ್ಗೆ ಸೀಲು ನೋಡುವ ಸುತ್ತಿನ ಹೊತ್ತಿಗೆ ಮಕಾನದಾರ ಸಾಹೇಬರ ಹಿಂದೆ ಮೂರನೇ ಮನೆಯೊಳಗೆ ಹೋದೆ. ದಿನದ ಪದ್ಧತಿ ಅದು. ಅವರು ಸೀಲು ನೋಡುತ್ತಾರೆ, ನಾನು ಕಿವಿಗಳು ಸರಿಯಾಗಿವೆಯೇ ನೋಡುತ್ತೇನೆ. ಒಳಗೆ ಸೆಕೆ. ಗಿಡಗಳು ತಲೆ ತಗ್ಗಿಸಿ ನಿಂತಿದ್ದವು. ಎಲೆಗಳು ಒಣಗಿರಲಿಲ್ಲ, ದಪ್ಪಗೆ, ಭಾರವಾಗಿ ಕೆಳಕ್ಕೆ ಬಾಗಿದ್ದವು. ನೀರಿಲ್ಲದೆ ಜೋತ ಎಲೆ ಕಾಗದದಂತೆ ತೆಳ್ಳಗಾಗುತ್ತದೆ. ಇಷ್ಟು ದಿನ ಬರೀ ಕಣ್ಣಾಡಿಸುವ ಬದಲು ಕೈಯಿಂದ ಮುಟ್ಟಿ ನೋಡಿದ್ದರೆ ಗೊತ್ತಾಗುತ್ತಿತ್ತು. ಎಲೆ ಮುಟ್ಟಲು ಅಪ್ಪಣೆ ಇರಲಿಲ್ಲ.

ಮೊದಲ ಸಾಲಿನ ಕೊನೆಯ ಗಿಡದಲ್ಲಿ ಒಂದು ಹೂಗೊಂಚಲು ಬೆರಳುದ್ದ ಬಂದಿತ್ತು. ನಾನು ಅದನ್ನು ಚಿವುಟಿದೆ. ಬೆರಳಿಗೆಲ್ಲ ಅಂಟು, ಕಟುವಾದ ಪರಿಮಳ.

"ಸಾಹೇಬ್ರ, ಇಲ್ಲಿ ನೋಡ್ರಿ," ಎಂದೆ. ಅವರು ತಿರುಗಿದರು. ಅವರು ನೋಡುತ್ತಿರುವಂತೆಯೇ ಅದನ್ನು ಜೇಬಿಗೆ ಹಾಕಿಕೊಂಡೆ. "ಕದ್ದೆ. ಬರಕೋರಿ."

ನೀರಿನಿಂದ ಅಷ್ಟು ಭಾರವಾಗಿದ್ದ ಕುಂಡ ಒಂದು ಹೂವಿಗೆ ಗೆರೆಯ ಕೆಳಗೆ ಇಳಿಯಲಿಲ್ಲ. ಗಂಟೆ ಬಾರಿಸಲೇ ಇಲ್ಲ! ಕಳ್ಳರನ್ನು ಹಿಡಿಯಲು ತಂದ ತಕ್ಕಡಿ ಕಳ್ಳಿಯನ್ನು ಎದುರಿಗಿಟ್ಟುಕೊಂಡು ಹಸಿರು ದೀಪ ತೋರಿಸುತ್ತಿತ್ತು. ಮಕಾನದಾರ ಸಾಹೇಬರು ದೀಪ ನೋಡಿದರು, ನನ್ನ ಜೇಬು ನೋಡಿದರು. ಅವರ ಮುಖದಲ್ಲಿ ಏನೋ ಹಾದುಹೋಯಿತು. ಅವರು ಬೇಕೆಂದರೆ ನೋಡಲಿಲ್ಲ ಎಂದು ಹೊರನಡೆಯಬಹುದಿತ್ತು.

ಅವರು ಗೋಡೆಯ ಬಳಿ ಹೋಗಿ ತಾವೇ ಗಂಟೆಯ ಗುಂಡಿ ಒತ್ತಿದರು.

ಷಟರ್ ಇಳಿಯಿತು. ಸೀಲು ಕತ್ತರಿಸುವ ಚಿಕ್ಕ ಇಕ್ಕಳ ತೆಗೆದು, ಆ ಕುಂಡದ ಸೀಲು ತುಂಡು ಮಾಡಿ, ಪ್ಲಾಸ್ಟಿಕ್ ಬಿಚ್ಚಿದರು. ಒಳಗಿನಿಂದ ಕಪ್ಪು ನೀರು ಅವರ ಬೂಟಿನ ಮೇಲೆ ಹರಿಯಿತು. ಚರಂಡಿಯ ನಾತ. ಅವರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಗ್ಗಿ ನೋಡಿದರು. ಬಟ್ಟೆಯ ಒಳಗೆ ಬೆಳ್ಳಗಿರಬೇಕಾದ ಬೇರುಗಳು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಸಿಪ್ಪೆ ಕಳಚುತ್ತಿದ್ದವು.

"ಯಾ ಅಲ್ಲಾ," ಎಂದರು. ಎದ್ದು ಮುಂದಿನ ಕುಂಡಕ್ಕೆ ಹೋದರು.

ಮೇಲಿನ ಸ್ಪೀಕರಿನಲ್ಲಿ ಇಟಗಿ ಮೇಡಂ ದನಿ ಕೇಳಿತು. ಸಣ್ಣ ದನಿಯೇ, ಆದರೆ ನಡುಗುತ್ತಿರಲಿಲ್ಲ. "ಕಳವು ಆಗೈತಂತ ಗೊತ್ತಾತು. ನಿಯಮದ ಪ್ರಕಾರ ಮೂರನೇ ಮನಿ ನೀರು ಬಂದ್ ಮಾಡೀನಿ."

ನನ್ನನ್ನು ಠಾಣೆಗೆ ಕರೆದುಕೊಂಡು ಹೋದರು. ಸಂಜೆಗೆ ಜಾಮೀನು ಸಿಕ್ಕಿತು. ಗಂಡ ಬಸ್ಸಿನ ಡ್ಯೂಟಿ ಬಿಟ್ಟು ಬಂದಿದ್ದರು. ಬೀದಿಯ ಜನ ಬಾಗಿಲಿಗೆ ಬಂದು ನಿಂತು ನೋಡಿದರು. ನೋಡಲಿ ಎಂದು ನಾನೂ ತಲೆ ಎತ್ತಿಕೊಂಡೇ ನಡೆದೆ. ಮನೆಯೊಳಗೆ ಬಂದು ಬಾಗಿಲು ಹಾಕಿದ ಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆಮೇಲೆ ಶುರುವಾಯಿತು ನಿಜವಾದ ಯಾತನೆ. ಕಾಯುವುದು. ನನಗೆ ಗೊತ್ತಿಲ್ಲದ ವಿದ್ಯೆ ಅದೊಂದೇ. ನೀರು ನಿಂತ ಮೇಲೆ ಟಕ್ ಟಕ್ ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಾಯಿತು. ಇಟಗಿ ಮೇಡಂ ಫೋನ್ ಮಾಡಿ, "ಎಲ್ಲಾರೂ ನೀರು ಕೊಡ್ರಿ ಅನ್ನಾಕತ್ತಾರ, ನೀಲಾ. ನನಗೂ ಹಂಗ ಅನ್ಸಾಕತ್ತೈತಿ," ಎಂದರು. "ಬ್ಯಾಡ್ರಿ ಮೇಡಂ," ಎಂದೆ. ಹೇಳಿದೆನೇ ಹೊರತು ಫೋನಿಟ್ಟ ಮೇಲೆ ನಡುಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ನಡುಮನೆಗೆ ಅಲೆದೆ. ಅತ್ತೆ, "ನಿನ್ನ ನೋಡಿ ನನಗ ತಲಿ ತಿರಗಾಕತ್ತೈತಿ, ಒಂದ ಕಡೆ ಕುಂದ್ರವಾ," ಎಂದರು.

ಬಾಟಲಿ ಮುಗಿಯಿತು. ಪಾರಿಗೆ ಫಿಟ್ಸ್ ಮರಳಿ ಬಂತು. ಮೊದಲು ಒಂದು, ಆಮೇಲೆ ಒಂದರ ಹಿಂದೆ ಒಂದು. ಡಾಕ್ಟರು ಕೊಟ್ಟ ಗುಳಿಗೆಗಳು ಅವಳನ್ನು ಮಂಕಾಗಿಸಿದವೇ ಹೊರತು ಫಿಟ್ಸ್ ನಿಲ್ಲಿಸಲಿಲ್ಲ. ಕಲಿತ ಹಾಡಿನ ಅರ್ಧವನ್ನು ಮರೆತಳು. ಗಿಡ ಉಳಿದರೂ ಹೂವು ಬಲಿತು, ಒಣಗಿ, ಎಣ್ಣೆಯಾಗಲು ವಾರಗಳು ಬೇಕು. ಅಷ್ಟರಲ್ಲಿ ನನ್ನ ಮಗಳಲ್ಲಿ ಏನೇನು ಉಳಿದಿರುತ್ತದೋ ಎಂದು ಹೆದರಿ ಸತ್ತೆ.

ಒಂದು ಮಧ್ಯಾಹ್ನ ಇಟಗಿ ಮೇಡಂ ಮತ್ತೆ ಫೋನ್ ಮಾಡಿದರು. ಈ ಸಲ ಮಾತಿಗೆ ಮೊದಲೇ ಫೋನನ್ನು ಸ್ಪೀಕರಿನ ಹತ್ತಿರ ಹಿಡಿದರು. ಟಕ್. ಬಹಳ ಹೊತ್ತು ಏನಿಲ್ಲ. ಮತ್ತೊಂದು ಟಕ್. ಕೆಲವು ಗಿಡ ಸತ್ತಿದ್ದವು, ಅವು ಸುಮ್ಮನಿದ್ದುದು ಬೇರೆ ಮಾತು. ಆದರೆ ಬಹಳಷ್ಟು ಕುಂಡಗಳಲ್ಲಿ ಬಟ್ಟೆಯ ಅಂಚಿಗೆ ಹೊಸ ಬಿಳಿ ಬೇರು ಬಂದಿದ್ದನ್ನು ಮಕಾನದಾರ ಸಾಹೇಬರು ನೋಡಿದ್ದರಂತೆ.

ಅದಾದ ಕೆಲವೇ ದಿನಕ್ಕೆ ವೀಡಿಯೊ ಕರೆ ಬಂತು. ಮಕಾನದಾರ ಸಾಹೇಬರು. ಅಂಗಿಯ ತೋಳು ಮಡಚಿದ್ದರು, ಒಂದು ಕೈಯಲ್ಲಿ ಮಗ್ಗು, ಕಾಲ ಬಳಿ ಬಕೆಟ್ಟು.

"ಕುಂಡ ಎಲ್ಲಾ ಹಗುರ ಆಗ್ಯಾವ್ರಿ. ಎಲಿ ಈಗ ಕಾಗದದಂಗ ಆಗಾಕತ್ತಾವ. ತನಿಖೆ ಮುಗಿದಿಲ್ಲ, ಹಂಗಾಗಿ ಲೈನು ಬಿಡಂಗಿಲ್ಲ, ನನ್ನ ಬಿಟ್ಟು ಮತ್ತೊಬ್ರು ಒಳಗ ಬರೂಹಂಗಿಲ್ಲ. ಸಾಕ್ಷಿ ಸಾಮಾನು ಕೆಡದಂಗ ಕಾಯೂದು ನನ್ನ ಜವಾಬ್ದಾರಿ. ಹೇಳ್ರಿ, ಹೆಂಗ ಹಾಕೂದು?"

ಆರೋಪಿಯನ್ನೇ ಕೇಳಿ ಸಾಕ್ಷಿಗೆ ನೀರೆರೆದ ಅಧಿಕಾರಿ ದೇಶದಲ್ಲಿ ಇನ್ನೊಬ್ಬರಿರಲಾರರು. ನಾನು ಫೋನನ್ನು ತಂಬಿಗೆಗೆ ಆನಿಸಿಟ್ಟು, ಪಾರಿಯ ಪಕ್ಕ ಸೋಫಾದ ಮೇಲೆ ಕೂತೆ.

"ನಡಕ ಒಮ್ಮೆಲೆ ಸುರೀಬ್ಯಾಡ್ರಿ. ಅಂಚಿನಿಂದ ಸುತ್ತ, ತೆಳ್ಳಗ."

ಅವರು ಸುರಿದೇಬಿಟ್ಟರು. ನೀರು ಕೆಳಗಿನ ತಟ್ಟೆಗೆ ಗಳಗಳ ಇಳಿಯಿತು. "ಆತ್ರಿ, ಕೆಳಗ ಬಂತು. ಮುಂದಿಂದಕ್ಕ ಹೋಗ್ಲಿ?"

"ಎತ್ತಿ ನೋಡ್ರಿ."

ಹಿಡಿಕೆ ಹಿಡಿದು ಎತ್ತಿದರು. ಹುಬ್ಬು ಗಂಟಾಯಿತು. "ಹಗುರನ ಐತಲ್ಲ! ಇಷ್ಟು ನೀರು ಎಲ್ಲಿ ಹೋತು?"

"ಒಣಗಿದ ಕೋಕೋಪೀಟು ಮೊದಲಿಗೆ ನೀರು ಹಿಡಿಯೂದಿಲ್ರಿ. ಅರಿವಿ ಬಗಲಾಗಿಂದ ಜಾರಿ ಹೊಂಟ್ಹೋ‌ಗ್ತೈತಿ. ಸ್ವಲ್ಪ ತೋಯಿಸ್ರಿ, ಬಿಡ್ರಿ. ಅದು ಮೆತ್ತಗಾಗ್ಲಿ. ಆಮ್ಯಾಲೆ ಮತ್ತ ಸ್ವಲ್ಪ."

ಅವರು ತೆಳ್ಳಗೆ ಸುತ್ತ ಹಾಕಿದರು. ನಿಂತರು. ಕಾಲು ಬದಲಿಸಿದರು. "ಇನ್ನೂ?"

"ಇನ್ನೂ."

ಆಗ ಪಾರಿಯ ಪಟ್ಟಿ ಕೀ ಎಂದಿತು. ನಾನು ತಿರುಗುವಷ್ಟರಲ್ಲಿ ಅವಳ ಕಣ್ಣು ಮೇಲಕ್ಕೆ ಹೋಗಿ ಮೈ ಬಿಗಿಯಿತು. ಅವಳನ್ನು ಮಗ್ಗುಲಾಗಿ ಮಲಗಿಸಿದೆ, ತಲೆಯ ಕೆಳಗೆ ಕೈ ಕೊಟ್ಟೆ, ಅಂಗಿಯ ಗುಂಡಿ ಸಡಿಲಿಸಿದೆ. ಅದಕ್ಕಿಂತ ಹೆಚ್ಚು ಮಾಡುವುದಕ್ಕೆ ಏನೂ ಇಲ್ಲ. ಅದುಮಿ ಹಿಡಿಯಬಾರದು, ಬಾಯಿಗೆ ಏನೂ ಹಾಕಬಾರದು. ಹೆತ್ತ ಮಗಳು ಕೈಯೊಳಗೆ ಅದುರುತ್ತಿರುವಾಗ ಸುಮ್ಮನೆ ಕೂತಿರಬೇಕು. ಅತ್ತೆ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟು ನಿಂತರು. ಫೋನಿನಲ್ಲಿ ಮಕಾನದಾರ ಸಾಹೇಬರು ಮಗ್ಗು ಹಿಡಿದುಕೊಂಡೇ ಇತ್ತ ನೋಡುತ್ತಿದ್ದರು. ಅವರು ಕರೆ ಕಡಿಯಲಿಲ್ಲ.

ಮೈ ಸಡಿಲವಾಯಿತು. ಪಾರಿ ಉದ್ದ ಉಸಿರು ತೆಗೆದು ನನ್ನ ತೊಡೆಯ ಮೇಲೆ ನಿದ್ದೆಗೆ ಜಾರಿದಳು.

"ಮುಗೀತೇನ್ರಿ ತಂಗಿ?" ಎಂದರು ಸಾಹೇಬರು. ಅದುವರೆಗೆ ನಾನು ಅವರಿಗೆ ನೀಲಾಂಬಿಕಾ ಅವರಾಗಿದ್ದೆ.

"ಮುಗೀತ್ರಿ." ನಾನು ಸೆರಗಿನಿಂದ ಅವಳ ಬಾಯಿ ಒರೆಸಿದೆ. "ಈಗ ಎರಡನೇ ಸಲ ಹಾಕ್ರಿ. ತೆಳ್ಳಗ."

ಹಾಕಿದರು. ಕಾದರು. ಮೂರನೆಯ ಸಲ ತಟ್ಟೆಗೆ ಬರೀ ನಾಲ್ಕು ಹನಿ ಇಳಿಯಿತು. ಕುಂಡ ಎತ್ತಲು ಹೋದರೆ ಅವರ ಭುಜದ ನರ ಉಬ್ಬಿತು. "ಹಾಂ! ಈಗ ಭಾರ ಐತಿ."

"ತಟ್ಟ್ಯಾಗಿನ ನೀರು ಚೆಲ್ರಿ, ಬುಡದಾಗ ನಿಲ್ಲಬಾರದು. ಇನ್ನ ಹಗುರ ಆಗೂತನಕ ಅದರ ಕಡೆ ತಿರುಗಿ ನೋಡಬ್ಯಾಡ್ರಿ."

ಮೂರನೇ ಮನೆಯ ತುಂಬ ಕುಂಡಗಳಿದ್ದವು. ಅವರು ಒಬ್ಬರೇ. ಸೊಂಟ ಹಿಡಿದುಕೊಂಡು ಬೈಯುತ್ತ, ಸಂಜೆಯ ನಮಾಜಿಗೆ ಹೋಗಿ ಬಂದು ಮತ್ತೆ ಹಿಡಿದು, ಸತ್ತ ಗಿಡಗಳನ್ನು ಬಿಟ್ಟು ಉಳಿದವಕ್ಕೆಲ್ಲ ಹಾಕಿದರು. ಆಮೇಲೆ ಕುಂಡ ಹಗುರವಾದಾಗಲೆಲ್ಲ ಅವರೇ ಹಾಕಿದರು. ಕೊನೆಕೊನೆಗೆ ನನಗೆ ಫೋನ್ ಮಾಡುವುದನ್ನೂ ಬಿಟ್ಟರು.

ಬೆಳೆ ಅರ್ಧಕ್ಕಿಂತ ತುಸು ಹೆಚ್ಚು ಉಳಿಯಿತು. ಎಣ್ಣೆ ಎಲ್ಲ ಮಕ್ಕಳಿಗೂ ಬಂತು, ಕಡಿಮೆ ಕಡಿಮೆ ಬಂತು. ಮುಂದಿನ ಬೆಳೆಗೆ ಪ್ಲಾಸ್ಟಿಕ್ ಬೇಡವೆಂದು ಸಮಿತಿ ಅಂತೂ ತೀರ್ಮಾನಿಸಿತು. ಅದನ್ನು ತಮ್ಮದೇ ಹೊಸ ಶೋಧ ಎಂಬಂತೆ ಪ್ರಕಟಿಸಿತು. ನನ್ನ ಕೇಸು ಇನ್ನೂ ನಡೆಯುತ್ತಿದೆ. ಕದ್ದದ್ದು ನಿಜವಾದ್ದರಿಂದ ಇಲ್ಲವೆನ್ನುವ ಹಾಗಿಲ್ಲ. ಈಗ ನಾನು ಒಂದು ಬೀಜದ ಕಂಪನಿಯ ನೆಟ್ ಹೌಸಿನಲ್ಲಿ ಹೆಂಗಸರ ಜೊತೆ ಮೆಣಸಿನ ಹೂವಿಗೆ ಪರಾಗ ಮುಟ್ಟಿಸುತ್ತೇನೆ. ಗಾಜಿನ ಮನೆಗಳು ಅಲ್ಲಿಂದ ಕಾಣುತ್ತವೆ. ಹತ್ತಿರ ಹೋಗಲು ಅಪ್ಪಣೆಯಿಲ್ಲ.

ಪಾರಿ ಮರೆತ ಹಾಡನ್ನು ಮತ್ತೆ ಕಲಿತಿದ್ದಾಳೆ. ಕೆಲವು ಸಾಲು ಮರಳಿ ಬರಲೇ ಇಲ್ಲ, ಅಲ್ಲಿ ತನ್ನದೇನೋ ಸೇರಿಸುತ್ತಾಳೆ.

ನಿನ್ನೆ ಸಂಜೆ ಅವಳು ಹಗ್ಗ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಓಣಿಯ ಹುಡುಗಿಯರು ಹೊರಗೆ ಕರೆಯುತ್ತಿದ್ದರು. ನಾನು ಚಪ್ಪಲಿ ಹುಡುಕತೊಡಗಿದೆ.

"ಅವ್ವಾ, ನೀ ಬರಬ್ಯಾಡ."

"ಸುಮ್ನ ನಿಂತಿರ್ತೀನಿ ಬಿಡಽ."

"ನೀ ನಿಂತ್ರ ಅವ್ರು ಆಡೂದಿಲ್ಲ. ಕುಂದ್ರು."

ಪಟ್ಟಿ ಕೈಯಲ್ಲೇ ಇತ್ತು. ಅವಳು ಹೋದಳು. ನಾನು ಸೋಫಾದ ಮೇಲೆ ಕೂತೆ. ಅದರ ಬಟ್ಟೆ ಈಗ ಸಾಕಷ್ಟು ಹೊಲಸಾಗಿದೆ. ಅತ್ತೆ ಕಿಟಕಿಯ ಬಳಿ ಅವರೆಕಾಯಿ ಸುಲಿಯುತ್ತಿದ್ದರು. ಹೊರಗೆ ಸಿಮೆಂಟಿನ ರಸ್ತೆಗೆ ಹಗ್ಗ ಬಡಿಯತೊಡಗಿತು. ಟಕ್. ಟಕ್. ಟಕ್.

ಆ ಕಂಟ್ರೋಲ್ ರೂಮಿನಲ್ಲಿ ಈ ಸದ್ದೊಂದು ನಿಂತರೆ ಸಾಕೆಂದು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆನೋ. ಹಗ್ಗ ತಟಕ್ಕನೆ ನಿಂತಿತು. ನನ್ನ ಮೈಯೆಲ್ಲ ಕಿವಿಯಾಯಿತು. ಅರ್ಧ ಎದ್ದೆ. ಅತ್ತೆ ಅವರೆಕಾಯಿಯಿಂದ ಕಣ್ಣೆತ್ತದೆ ನನ್ನ ಸೆರಗು ಹಿಡಿದು ಕೆಳಕ್ಕೆ ಜಗ್ಗಿದರು.

ಹೊರಗೆ ಯಾರೋ ನಕ್ಕರು. ಸರದಿ ಬದಲಾಗಿತ್ತು ಅಷ್ಟೇ. ಟಕ್, ಎಂದಿತು ಹಗ್ಗ. ನಾನು ಕೂತೆ.